ಹೆಪ್ಪು ಎಂಬ ಮಾತು

ಹಯಗ್ರೀವ ಉಪಾಧ್ಯರಿಗೆ ಸಹನೆಯೆಂಬ ಗುಣವನ್ನು ಭಗವಂತನು ಅಳೆದೇ ಕೊಟ್ಟಿದ್ದನು. ಕೊಟ್ಟಷ್ಟೂ ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್ ಗಾಡಿಯಲ್ಲಿಯೇ ಖರ್ಚಾಗಿಬಿಡುತ್ತಿತ್ತು. ಠಾಣೆಯಲ್ಲಿ ಇಳಿದು, ವಾಶಿಯ ಗಾಡಿ ಹತ್ತಿ, ರಬಾಳೆಯಲ್ಲಿ ಹೊರಬಿದ್ದು ಕಾರ್ಖಾನೆಯ ಬಾಗಿಲು ಸೇರುವ ಹೊತ್ತಿಗೆ ಅವರ ಬಳಿ ಉಳಿದಿರುತ್ತಿದ್ದುದು ವಿದ್ಯೆ, ನಿಷ್ಠೆ ಮತ್ತು ಸಿಡುಕು, ಈ ಮೂರೇ.

ಆ ಕಾರ್ಖಾನೆಯಲ್ಲಿ ಅವರು ಹುದುಗು ವಿಭಾಗದ ಮುಖ್ಯಸ್ಥರು. ಅಲ್ಲಿ ಎರಡು ಅಂತಸ್ತಿನ ಎತ್ತರದ ಒಂದು ಉಕ್ಕಿನ ಟ್ಯಾಂಕು. ಅದರೊಳಗೆ ಸೋಯಾ ಹಿಟ್ಟು, ಸಕ್ಕರೆ, ಎಣ್ಣೆಗಳನ್ನು ಕೂಡಿಸಿ ಬೇಯಿಸಿ ತಣಿಸಿದ ಗಂಜಿ. ಆ ಗಂಜಿಯನ್ನುಂಡು ಬೆಳೆಯುವ ಒಂದು ಮಣ್ಣಿನ ಬ್ಯಾಕ್ಟೀರಿಯಾ. ಅದು ಕಟ್ಟಿಕೊಡುವ ಎರಿತ್ರೊಮೈಸಿನ್ ಎಂಬ ಔಷಧ. ಗಂಟಲಿನ ಸೋಂಕಿಗೂ ಎದೆಯ ಸೋಂಕಿಗೂ ವೈದ್ಯರು ಬರೆದುಕೊಡುವ ಮ್ಯಾಕ್ರೊಲೈಡ್ ಕುಲದ ಔಷಧಗಳಿಗೆಲ್ಲ ಅದು ಹಿರಿಯಣ್ಣನಂತೆ. ಉಡುಪಿಯ ಹತ್ತಿರದ ಒಂದು ಸಣ್ಣ ದೇವಾಲಯದ ಅರ್ಚಕರ ಮಗನಾಗಿ ಹುಟ್ಟಿ, ಠಾಣೆಯ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಸೋದರಮಾವನ ಆಶ್ರಯದಲ್ಲಿ ಬೆಳೆದು, ಠಾಣೆಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ಉಪಾಧ್ಯರು ತಮ್ಮ ಪ್ರಾಯದ ಉತ್ತಮ ಭಾಗವನ್ನೆಲ್ಲ ಆ ಟ್ಯಾಂಕಿನ ಬುಡದಲ್ಲಿಯೇ ಕಳೆದಿದ್ದರು.

ಇದನ್ನು ಲೋಕಕ್ಕೆ ತಿಳಿಸಿಕೊಡುವುದು ಹೇಗೆ? ಡೊಂಬಿವಲಿಯ ಕನ್ನಡಿಗರ ಕೂಟಗಳಲ್ಲಿ ಹೋಟೆಲಿನ ಮುಂಡಪ್ಪನವರು ಪ್ರತಿ ಹಬ್ಬಕ್ಕೂ ದೂರದಿಂದಲೇ ಕೈಮುಗಿದು, "ಉಪಾಧ್ಯರೇ, ಹುಳಗಳೆಲ್ಲ ಸೌಖ್ಯವಾ?" ಎಂದು ವಿಚಾರಿಸುತ್ತಿದ್ದರು. ಅದು ಹುಳವಲ್ಲ, ಬ್ಯಾಕ್ಟೀರಿಯಾ ಎಂದು ಉಪಾಧ್ಯರು ಪ್ರತಿ ಹಬ್ಬಕ್ಕೂ ತಿದ್ದುತ್ತಿದ್ದರು. ಸಭೆ ಪ್ರತಿ ಹಬ್ಬಕ್ಕೂ ನಗುತ್ತಿತ್ತು.

ಮನೆಯಲ್ಲಿ ಬೇರೆಯ ಕಷ್ಟ. ಅವರ ಪತ್ನಿ ಜಯಲತಾ ಕಟ್ಟುನಿಟ್ಟಿನ ಮಡಿಯವರು. ಕಾರ್ಖಾನೆಯಿಂದ ಬಂದ ಗಂಡ ಸ್ನಾನ ಮಾಡದೆ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಇತ್ತ ಕಾರ್ಖಾನೆಯಲ್ಲಿ, ಮನೆಯಿಂದ ಹೋದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ತಲೆಗೆ ಟೊಪ್ಪಿ ಹಾಕದೆ, ಬ್ಯಾಕ್ಟೀರಿಯಾವನ್ನು ಮೊದಲು ಬೆಳೆಸುವ ಬೀಜದ ಕೋಣೆಗೆ ಕಾಲಿಡುವಂತಿರಲಿಲ್ಲ. ಆ ನಿಯಮವನ್ನು ಮಾಡಿದವರು ಉಪಾಧ್ಯರೇ. "ಮನೆಯಿಂದ ಹೋದರೆ ಅಲ್ಲಿಗೆ ಮೈಲಿಗೆ, ಅಲ್ಲಿಂದ ಬಂದರೆ ಇಲ್ಲಿಗೆ ಮೈಲಿಗೆ. ಹಾಗಾದರೆ ನಾನು ಶುದ್ಧ ಇರುದು ರೈಲಿನಲ್ಲಿ ಮಾತ್ರವಾ?" ಎಂದು ಅವರೊಮ್ಮೆ ಕೇಳಿದ್ದರು. ಬಚ್ಚಲಿನಲ್ಲಿ ನೀರು ಕಾದಿದೆ ಎಂಬುದು ಜಯಲತಾ ಕೊಟ್ಟ ಉತ್ತರ.

ತಮ್ಮ ಬ್ಯಾಕ್ಟೀರಿಯಾದ ವಿಷಯದಲ್ಲಿ ಮಾತ್ರ ಅವರಿಗೆ ಸಿಡುಕಿರಲಿಲ್ಲ, ಭಕ್ತಿಯಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, ಅವರು ಊರಿನ ದೇವಾಲಯದ ಊಟದ ಪಂಕ್ತಿಯಿಂದ ವಿವರಣೆ ಆರಂಭಿಸುತ್ತಿದ್ದರು. ಪಂಕ್ತಿಯಲ್ಲಿ ಎಲೆ ಕುಳಿತಲ್ಲೇ ಇರುತ್ತದೆ, ಬಡಿಸುವವರು ನಡೆಯುತ್ತಾರೆ. ಉಪ್ಪಿನವನು ಉಪ್ಪನ್ನೇ, ಕೋಸಂಬರಿಯವನು ಕೋಸಂಬರಿಯನ್ನೇ, ತನ್ನ ಸರದಿಯಲ್ಲಿಯೇ ಬಡಿಸುತ್ತಾನೆ. ಬ್ಯಾಕ್ಟೀರಿಯಾದ ಒಡಲಿನಲ್ಲಿ ಬಡಿಸುವವರು ನಿಂತಲ್ಲೇ ನಿಲ್ಲುತ್ತಾರೆ, ಎಲೆ ನಡೆಯುತ್ತದೆ. ಬಡಿಸುವವರೆಂದರೆ ಕಿಣ್ವಗಳು. ಕಿಣ್ವವೆಂದರೆ ಒಂದೇ ಒಂದು ಕೆಲಸವನ್ನು ಬಲ್ಲ, ಆ ಕೆಲಸದಲ್ಲಿ ಎಂದೂ ಬೇಸರಪಡದ ಪ್ರೋಟೀನು. ಮೊದಲು ಮೂರು ಇಂಗಾಲಗಳ ಒಂದು ತುಣುಕು ಬರುತ್ತದೆ. ಮುಂದೆ ಸಾಲಾಗಿ ಆರು ಠಾಣೆಗಳು, ರೈಲಿನ ನಿಲ್ದಾಣಗಳಂತೆ. ಒಂದೊಂದು ಠಾಣೆಯಲ್ಲಿಯೂ ಒಬ್ಬನು ಹೊಸ ತುಣುಕನ್ನು ಆರಿಸುತ್ತಾನೆ, ಒಬ್ಬನು ಅದನ್ನು ಸರಕ್ಕೆ ಜೋಡಿಸುತ್ತಾನೆ, ಕೆಲವೆಡೆ ಇನ್ನೊಬ್ಬನು ಅಂಚನ್ನು ಒಪ್ಪ ಮಾಡುತ್ತಾನೆ. ಬೆಳೆಯುವ ಸರವನ್ನು ನಡುವೆ ಎಲ್ಲಿಯೂ ಕೆಳಗಿಡುವಂತಿಲ್ಲ. ಒಂದು ಠಾಣೆಯ ತೋಳು ಮುಂದಿನ ಠಾಣೆಯ ತೋಳಿಗೆ ದಾಟಿಸಬೇಕು. ಆರನೆಯ ಠಾಣೆ ದಾಟಿದ ಮೇಲೆ ಕೊನೆಯ ಕಿಣ್ವವು ಸರವನ್ನು ಬಾಗಿಸಿ, ಬಾಲವನ್ನು ತಲೆಯ ಬಳಿಗೆ ತಂದು ಬೆಸೆದು, ದೊಡ್ಡದೊಂದು ಉಂಗುರವನ್ನಾಗಿ ಮಾಡುತ್ತದೆ. ಈ ದೊಡ್ಡ ಉಂಗುರವೇ ಮ್ಯಾಕ್ರೊಲೈಡಿನ ಲಕ್ಷಣ.

ಉಂಗುರವಾದ ಮಾತ್ರಕ್ಕೆ ಔಷಧವಾಗುವುದಿಲ್ಲ. ಅದಕ್ಕೆ ಒಂದು ಆಮ್ಲಜನಕವನ್ನು ಇಡಬೇಕು, ಎರಡು ಬಗೆಯ ಸಕ್ಕರೆಗಳನ್ನು ತೊಡಿಸಬೇಕು. ಆ ಬಳಿಕ ಎರಡು ಅಂತ್ಯಸಂಸ್ಕಾರಗಳು. ಈ ಶಬ್ದವನ್ನು ಆಡಿದೊಡನೆ ಕೇಳುಗರ ಮುಖ ಕಪ್ಪಿಡುತ್ತಿತ್ತು. ಆಗ ಉಪಾಧ್ಯರು ನಾಲಗೆ ಕಚ್ಚಿ, ಕೊನೆಯ ಎರಡು ಸಂಸ್ಕಾರಗಳು ಎಂದು ತಿದ್ದಿಕೊಳ್ಳುತ್ತಿದ್ದರು. ಇನ್ನೊಂದು ಆಮ್ಲಜನಕವನ್ನು ಕೂಡಿಸುವುದು ಒಂದು. ಒಂದು ಸಕ್ಕರೆಯ ನೆತ್ತಿಯ ಮೇಲೆ ಪುಟ್ಟದೊಂದು ಮೀಥೈಲ್ ಗುಂಪನ್ನು ಇರಿಸುವುದು ಇನ್ನೊಂದು. ಎರಡೂ ಆದರೆ ಅದು 'ಎ', ಕಾರ್ಖಾನೆಗೆ ಬೇಕಾದದ್ದು. ಆಮ್ಲಜನಕ ತಪ್ಪಿದರೆ 'ಬಿ'. ಮೀಥೈಲ್ ತಪ್ಪಿದರೆ 'ಸಿ'. ಬಿ ಮತ್ತು ಸಿ ಇವು ಪಾಯಸ ಬಡಿಸದ ಎಲೆಯಂತೆ: ಊಟವೆನ್ನಬಹುದು, ಹಬ್ಬವೆನ್ನಲಾಗದು. ಇಷ್ಟನ್ನೆಲ್ಲ ಆರಂಭಿಸುವುದಕ್ಕೆ ಮೊದಲು ಆ ಜೀವಿಯು ತನ್ನ ಔಷಧ ತನ್ನನ್ನೇ ಕೊಲ್ಲದಿರಲೆಂದು ತನ್ನ ಪ್ರೋಟೀನು ಕಟ್ಟುವ ಯಂತ್ರಕ್ಕೆ ಒಂದು ಗುರುತನ್ನಿಟ್ಟು ಕಾಪಾಡಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಮಣ್ಣಿನ ಕಣವೂ ಕವಚವನ್ನು ಪಠಿಸಿಯೇ ಕಾರ್ಯಕ್ಕಿಳಿಯುತ್ತದೆ ಎಂದು ಹೇಳುವಾಗ ಉಪಾಧ್ಯರ ಕಣ್ಣು ತುಂಬುತ್ತಿತ್ತು. ಹೊಸಬರು ಆ ಹೊತ್ತಿಗೆ ಎರಡನೆಯ ಚಹಾ ತರಿಸಿಕೊಂಡಿರುತ್ತಿದ್ದರು.

ಬೀಜದ ಕೋಣೆಯ ಹೊಣೆ ಭುಜಂಗ ಬಾಗಿಯದು. ಅಥಣಿಯ ಕಡೆಯ ಮನೆತನ. ತಂದೆಯ ಕಾಲಕ್ಕೆ ಉಲ್ಹಾಸನಗರಕ್ಕೆ ಬಂದು ಮೊಸರಿನ ಅಂಗಡಿ ಇಟ್ಟವರು. ನಲವತ್ತರ ಆಸುಪಾಸಿನ, ಶುದ್ಧ ಕೈಯ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ. ಉಪಾಧ್ಯರಿಗೆ ಈ ಜಗತ್ತಿನಲ್ಲಿ ಸಿಟ್ಟು ಅಷ್ಟಾಗಿ ಬಾರದಿದ್ದವರಲ್ಲಿ ಭುಜಂಗನೂ ಒಬ್ಬ. ಅವನು ಹೊಸದಾಗಿ ಸೇರಿದಾಗ, ಟ್ಯಾಂಕಿಗೆ ಹಾಕುವ ಬೀಜವನ್ನು ಸೂಚಿಸುವ ಇನಾಕ್ಯುಲಮ್ ಎಂಬ ಶಬ್ದ ಅವನ ಬಾಯಿಗೂ ಬರಲಿಲ್ಲ, ಮನಸ್ಸಿಗೂ ಇಳಿಯಲಿಲ್ಲ. ಶೈತ್ಯಪೆಟ್ಟಿಗೆಯಲ್ಲಿ ಸಣ್ಣ ಗಾಜಿನ ನಳಿಗೆಗಳಲ್ಲಿ ಮೂಲತಳಿ ನಿದ್ರಿಸುತ್ತಿರುತ್ತದೆ; ಪ್ರತಿ ಸಲವೂ ಒಂದು ನಳಿಗೆಯನ್ನು ಎಬ್ಬಿಸಿ, ಮೊದಲು ಫ್ಲಾಸ್ಕ್ ಎನ್ನುವ ಗಾಜಿನ ಬುರುಡೆಯಲ್ಲಿ, ಆಮೇಲೆ ಸಣ್ಣ ಟ್ಯಾಂಕಿನಲ್ಲಿ ಬೆಳೆಸಿ, ಕೊನೆಗೆ ದೊಡ್ಡ ಟ್ಯಾಂಕಿಗೆ ಹಾಕಬೇಕು. ಇದನ್ನು ಮೂರು ಭಾಷೆಗಳಲ್ಲಿ ಹೇಳಿ ಸೋತ ಉಪಾಧ್ಯರು ಕಡೆಗೆ ಬೇಸತ್ತು, "ಹೆಪ್ಪು ಮಾರಾಯಾ, ಹೆಪ್ಪು ಅಂತ ತಿಳ್ಕೋ" ಎಂದರು. ಭುಜಂಗನ ಮುಖ ಒಮ್ಮೆಲೇ ಬೆಳಗಿತು. ಅಂದಿನಿಂದ ಆ ಶಬ್ದ ಕಾರ್ಖಾನೆಯ ಸ್ವತ್ತಾಯಿತು. ಮರಾಠಿ ಮಾತನಾಡುವ ಟ್ಯಾಂಕಿನವರೂ "ಹೆಪ್ಪು ತಯಾರ್ ಆಹೇ ಕಾ?" ಎಂದು ಕೇಳಲಾರಂಭಿಸಿದರು. ರಬಾಳೆಯಲ್ಲಿ ಒಂದು ಕನ್ನಡದ ಶಬ್ದ ಊರಿತೆಂದು ಉಪಾಧ್ಯರು ಒಳಗೊಳಗೇ ಹಿಗ್ಗಿದರು.

ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲದಲ್ಲಿ ಟ್ಯಾಂಕು ಕೈಕೊಡಲಾರಂಭಿಸಿತು.

ಮೊದಲು ಇಳುವರಿ ಇಳಿಯಿತು. ಇಳಿದದ್ದರಲ್ಲಿಯೂ ಎ ಕಡಿಮೆಯಾಗಿ ಬಿ, ಸಿ ಹೆಚ್ಚಿದವು. ಪರೀಕ್ಷೆಯ ಕೋಣೆಯಿಂದ ಬರುವ ಗೆರೆಚಿತ್ರದಲ್ಲಿ ಒಂದು ಎತ್ತರದ ಗೋಪುರ ನಿಲ್ಲಬೇಕಾದಲ್ಲಿ ಅದರ ಮಗ್ಗುಲಿಗೆ ಎರಡು ಗುಡ್ಡಗಳು ಎದ್ದವು, ಮುಂದಿನ ಸಲ ಆ ಗುಡ್ಡಗಳು ಮತ್ತಷ್ಟು ಎದ್ದವು. ಕಾರ್ಖಾನೆಯ ಮ್ಯಾನೇಜರ್ ಬೂಬ ಸಾಹೇಬರು ಸೋಲಾಪುರದ ಮಾರವಾಡಿಗಳು, ಮಿತಭಾಷಿಗಳು. ಅವರು ಉಪಾಧ್ಯರನ್ನು ಕರೆದು ಎರಡೇ ಮಾತು ಹೇಳಿದರು: ಈಗ ಎಲ್ಲರೂ ಅರೆಸಿದ್ಧ ಸರಕನ್ನು ಹೊರದೇಶದಿಂದಲೇ ತರಿಸುತ್ತಾರೆ; ದೀಪಾವಳಿಯೊಳಗೆ ಟ್ಯಾಂಕು ಶುದ್ಧವಾದ ಎ ಕೊಡದಿದ್ದರೆ ನಾವೂ ತರಿಸೋಣ, ಹುದುಗು ವಿಭಾಗವನ್ನು ಮುಚ್ಚೋಣ. ಮುಚ್ಚಿದರೆ ಉಪಾಧ್ಯರಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕುರ್ಚಿ ಇದ್ದೇ ಇದೆ ಎಂದೂ ಸಮಾಧಾನಪಡಿಸಿದರು. ಆ ಸಮಾಧಾನವು ಬೆದರಿಕೆಗಿಂತ ಕ್ರೂರವಾಗಿತ್ತು. ಗರ್ಭಗುಡಿಯ ಅರ್ಚಕನಿಗೆ ಚಪ್ಪಲಿ ಕಾಯುವ ಕೆಲಸ ಇದ್ದೇ ಇದೆ ಎಂದಂತೆ.

ಉಪಾಧ್ಯರು ದೋಷವನ್ನು ಹುಡುಕಲು ಹೊರಟರು. ಹುಡುಕಿದಷ್ಟೂ ಅವರ ಸಿಡುಕು ಬೆಳೆಯಿತು. ಉಂಗುರ ಸರಿಯಾಗಿಯೇ ಆಗುತ್ತಿದೆ, ಸಕ್ಕರೆಗಳೂ ಕೂಡುತ್ತಿವೆ, ಕೊನೆಯ ಸಂಸ್ಕಾರಗಳು ಮಾತ್ರ ತಪ್ಪುತ್ತಿವೆ ಎಂಬುದು ಗೆರೆಚಿತ್ರದಿಂದಲೇ ಸ್ಪಷ್ಟವಿತ್ತು. ಆಮ್ಲಜನಕ ಕೂಡಿಸುವ ಕಿಣ್ವಕ್ಕೆ ಗಾಳಿ ಸಾಲುತ್ತಿಲ್ಲವೇ? ಗಾಳಿಯ ಯಂತ್ರದವನು, ತನ್ನ ಯಂತ್ರ ಸರಿಯಿದೆ, ನೊರೆ ಉಕ್ಕುತ್ತದೆಂದು ಟ್ಯಾಂಕಿನವರೇ ಗಾಳಿ ತಗ್ಗಿಸುತ್ತಾರೆ ಎಂದನು. ಟ್ಯಾಂಕಿನವರು, ಸೋಯಾ ಹಿಟ್ಟಿನ ದೋಷದಿಂದಲೇ ನೊರೆ ಉಕ್ಕುತ್ತದೆ ಎಂದರು. ಸೋಯಾ ಹಿಟ್ಟು ಪೂರೈಸುವವನು ಕಲ್ಯಾಣದಿಂದ ಬಂದು, ತನ್ನ ಹಿಟ್ಟನ್ನು ತಾನೇ ತಿಂದು ತೋರಿಸಿ, ವಿದ್ಯುತ್ತು ಪದೇ ಪದೇ ಹೋಗುವುದೇ ಮೂಲ ಎಂದು ಬೋಧಿಸಿ ಹೋದನು. ಯಂತ್ರವನ್ನು ಬಿಚ್ಚಿಸಿ ಕೂಡಿಸಿದ್ದಾಯಿತು, ಹಿಟ್ಟು ಬದಲಿಸಿದ್ದಾಯಿತು, ಜನರೇಟರ್ ಇರಿಸಿದ್ದಾಯಿತು. ಗುಡ್ಡಗಳು ಕದಲಲಿಲ್ಲ. ಬೀಜದ ಕೋಣೆಯನ್ನು ಉಪಾಧ್ಯರು ಹೊರಗಿನಿಂದ ನೋಡಿ ಬಂದರು. ಭುಜಂಗನ ಕೋಣೆ ಯಾವಾಗಲೂ ದೇವರ ಕೋಣೆಯಂತಿರುತ್ತಿತ್ತು. ಅಲ್ಲಿ ವಿಚಾರಿಸುವಂಥದ್ದೇನೂ ಅವರಿಗೆ ತೋಚಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲಿನ ಒಂದು ಭಾನುವಾರ ಮಧ್ಯಾಹ್ನ ಅವರು ಮಗಳು ನಿಕಿತಾಳೊಡನೆ ಊಟಕ್ಕೆ ಕುಳಿತಿದ್ದರು. ಎದುರು ಮನೆಯ ಪಾರವ್ವನವರು ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತರು. ಮನೆಯ ಮಾತು ತುಳು. ವಿಜಾಪುರದ ಪಾರವ್ವನವರು ಬಂದರೆ ಎಲ್ಲರೂ ಕನ್ನಡಕ್ಕೆ ತಿರುಗುವುದು ರೂಢಿ.

"ನಮ್ಮ ಹೆಪ್ಪ ಹುಳಿ ಬಂದು ಕೆಟ್ಟ ಹೋಗೇದ್ರೀ ವೈನಿ. ಒಂದೀಟ ಕೊಡ್ರಿ" ಎಂದರು ಪಾರವ್ವ.

ಜಯಲತಾರಿಗೆ ಇದು ಮೆಚ್ಚಿನ ವಿಷಯ. ಅವರು ಮೊಸರಿನ ಪಾತ್ರೆಯನ್ನು ತಂದು, ಬಟ್ಟಲಿಗೆ ಬಡಿಸುತ್ತ, ತಮ್ಮ ಹೆಪ್ಪು ಎಂದೂ ಕೆಟ್ಟದ್ದಿಲ್ಲವೆಂದು ಹೇಳಿದರು. "ಇದು ನಮ್ಮ ಅಮ್ಮನ ಮನೆಯದ್ದು ಪಾರವ್ವ. ಮದುವೆಯಾದ ವರ್ಷ ಊರಿಂದ ತಂದದ್ದು, ಒಂದೇ ಸಲ. ಆಮೇಲೆ ಎಲ್ಲ ನಿನ್ನೆಯದ್ದರಲ್ಲಿ ಇವತ್ತಿನದ್ದು. ಹೆಪ್ಪು ಅಂದ ಮೇಲೆ ಪ್ರತಿ ಸಲ ಮೂಲಕ್ಕೆ ಹೋಗ್ಲಿಕ್ಕುಂಟಾ?"

ಉಪಾಧ್ಯರ ಕೈ ತುತ್ತಿನೊಡನೆ ಎಲೆಯ ಮೇಲೆಯೇ ನಿಂತಿತು. ಅವರು ಹೆಂಡತಿಯನ್ನೂ ಬಟ್ಟಲನ್ನೂ ಒಂದು ರೀತಿಯ ಭಯದಿಂದ ನೋಡುತ್ತಿದ್ದರು. ನಿಕಿತಾ ತಾಳ್ಮೆಗೆಟ್ಟು, "ಪಪ್ಪಾ, ಚಾವಲ್ ಠಂಡಾ ಹೋ ರಹಾ ಹೈ" ಎಂದು ಅನ್ನ ಆರುತ್ತಿರುವುದನ್ನು ನೆನಪಿಸಿದಳು. ಮಗಳು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಉತ್ತರಿಸುವುದಿಲ್ಲವೆಂಬುದು ಅವರ ದಿನನಿತ್ಯದ ಕೊರಗು. ಅಂದು ಅವರು ಅದನ್ನೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಟ್ಟೆ ಬದಲಿಸಿ, ಟೊಪ್ಪಿ ಧರಿಸಿ, ನೇರವಾಗಿ ಬೀಜದ ಕೋಣೆಗೆ ಹೋದರು. ಶೈತ್ಯಪೆಟ್ಟಿಗೆಯನ್ನು ತೆರೆದರು. ಮೂಲತಳಿಯ ನಳಿಗೆಗಳು ಮಳೆಗಾಲದ ಆರಂಭದಲ್ಲಿ ಹೇಗಿದ್ದವೋ ಹಾಗೆಯೇ ಹಿಮ ಹೊದ್ದು ನಿದ್ರಿಸುತ್ತಿದ್ದವು.

"ಭುಜಂಗ, ದೊಡ್ಡ ಟ್ಯಾಂಕಿಗೆ ಹಾಕುವ ಹೆಪ್ಪು ಎಲ್ಲಿಂದ ತೆಗೀತಿದ್ದೀ?"

ಭುಜಂಗನು ಹೆಮ್ಮೆಯಿಂದಲೇ ಪಕ್ಕದ ಫ್ರಿಜ್ಜಿನ ಬಾಗಿಲು ತೆಗೆದು, ಬಿಗಿಯಾಗಿ ಮುಚ್ಚಿದ ಒಂದು ಗಾಜಿನ ಬುರುಡೆಯನ್ನು ತೋರಿಸಿದನು. ಹಿಂದಿನ ಸಲ ಸಣ್ಣ ಟ್ಯಾಂಕಿನಲ್ಲಿ ಬೆಳೆದದ್ದರಲ್ಲಿ ಸ್ವಲ್ಪ ತೆಗೆದಿಟ್ಟದ್ದು. ಅದಕ್ಕೆ ಹಿಂದಿನ ಸಲವೂ ಹಾಗೆಯೇ. ಮಳೆಗಾಲದಿಂದ ನಳಿಗೆಯನ್ನು ಮುಟ್ಟಿರಲಿಲ್ಲ. ಹೀಗೆ ತೆಗೆದಿಟ್ಟ ಹೆಪ್ಪು ಹೊಸದಕ್ಕಿಂತ ಬೇಗ ಬೆಳೆಯುತ್ತದೆ, ಕೈಗುಣ ಕೂಡಿಬಂದಿದೆ ಎಂದು ಅವನು ವಿವರಿಸಿದನು.

ಉಪಾಧ್ಯರ ಕಂಠಕ್ಕೆ ಬಂದ ಮಾತುಗಳು ಮಡಿಯ ಕೋಣೆಯಲ್ಲಿ ಆಡತಕ್ಕವಾಗಿರಲಿಲ್ಲ. ಯಂತ್ರ ಬಿಚ್ಚಿಸಿದ್ದು, ಹಿಟ್ಟಿನವನ ಬೋಧೆ ಕೇಳಿದ್ದು, ಬೂಬ ಸಾಹೇಬರ ಸಮಾಧಾನ ನುಂಗಿದ್ದು, ಎಲ್ಲವೂ ಒಟ್ಟಾಗಿ ಮೇಲೇರಿದವು. ಯಾರನ್ನು ಕೇಳಿ ಹೀಗೆ ಮಾಡಿದೆ ಎಂದಷ್ಟೇ ಅವರು ಹೇಗೋ ಕೇಳಿದರು.

ಭುಜಂಗನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀವ ಹೇಳಿದ್ರಲ್ರೀ ಸಾಹೇಬ್ರ, ಇದು ಹೆಪ್ಪ ಅಂತ. ಹೆಪ್ಪ ಅಂದ್ರ ತೆಗದ ಇಡೂದು. ದಿನಾ ಹೊಸಾ ಹೆಪ್ಪ ಯಾರರ ತರ್ತಾರೇನ್ರೀ?" ಎಂದನು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಅದರ ಮ್ಯಾಲ ಬ್ಯಾಸಗ್ಯಾಗ ಒಂದ ನಳಗಿ ಕೈಜಾರಿ ಒಡೀತು. ಇನ್ನೊಂದ ಹಾಳ ಮಾಡಿದ್ರ ಈ ಕ್ವಾಣಿಗೆ ಕಾಲ ಇಡಬ್ಯಾಡ ಅಂದಿದ್ರಿ. ಅದಕ್ಕ ನಾ ಉಳಿಸಿಕೋತ ಬಂದೆ" ಎಂದನು.

ಉಪಾಧ್ಯರು ಹಾಗೆ ಅಂದದ್ದು ಹೌದು. ನಳಿಗೆ ಒಡೆದ ದಿನ ಬೆಳಿಗ್ಗೆ ಠಾಣೆಯಲ್ಲಿ ಅವರ ಕಣ್ಣೆದುರೇ ವಾಶಿಯ ಗಾಡಿ ತಪ್ಪಿಹೋಗಿತ್ತು. ಆ ಸಿಟ್ಟು ಭುಜಂಗನ ಮೇಲೆ ಇಳಿದಿತ್ತು, ಇಳಿದದ್ದನ್ನು ಅವರು ಸಂಜೆಗೆ ಮರೆತಿದ್ದರು. ಅವರು ಬುರುಡೆಯನ್ನು ಕೈಗೆ ತೆಗೆದುಕೊಂಡು ಹೊರಗೆ ಬಂದರು.

ಅವರಿಗೆ ಈಗ ಸಿಟ್ಟು ಬಂದದ್ದು ಭುಜಂಗನ ಮೇಲಲ್ಲ, ಶಬ್ದದ ಮೇಲೆ. ಶಬ್ದವೂ ಒಂದು ಪ್ರಮಾಣವೆಂದು, ಪ್ರತ್ಯಕ್ಷ ಅನುಮಾನಗಳಂತೆಯೇ ಅದರಿಂದಲೂ ಜ್ಞಾನ ಹುಟ್ಟುತ್ತದೆಂದು ಬಾಲ್ಯದಲ್ಲಿ ತಂದೆಯಿಂದ ಕಲಿತವರು ಅವರು. ಅಪ್ರಮಾಣವಾದ ಶಬ್ದದಿಂದ ಭ್ರಾಂತಿಯೂ ಅಷ್ಟೇ ದೃಢವಾಗಿ ಹುಟ್ಟುತ್ತದೆಂಬುದನ್ನು ತಂದೆ ಹೇಳಿದ್ದರೋ ಇಲ್ಲವೋ, ರಬಾಳೆಯಲ್ಲಿ ಅದು ಸಿದ್ಧವಾಗಿತ್ತು. ವಾಗ್ದೇವತೆಗೂ ಗುರುವಾದ ಹಯವದನನ ಹೆಸರನ್ನು ಹೊತ್ತವರ ಬಾಯಿಂದಲೇ ಆ ಶಬ್ದ ಬಂದದ್ದು. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಹುಳಿ ಮಾಡುವುದೇ ಜೀವನ; ಯಾವುದು ಚೆನ್ನಾಗಿ ಹುಳಿ ಮಾಡುತ್ತದೆಯೋ ಅದೇ ಚೆನ್ನಾಗಿ ಬದುಕುತ್ತದೆ. ಆದ್ದರಿಂದ ನಿನ್ನೆಯ ಮೊಸರಿನಲ್ಲಿ ನಾಳೆಯ ಮೊಸರು ನೆಮ್ಮದಿಯಾಗಿ ನಿಲ್ಲುತ್ತದೆ. ಟ್ಯಾಂಕಿನ ಜೀವಿಗೆ ಔಷಧವು ಹಾಗಲ್ಲ. ಮಣ್ಣಿನಲ್ಲಿ ನೆರೆಹೊರೆಯವರ ಕಾಟವಿದ್ದಾಗ ಆ ಔಷಧದಿಂದ ಅದಕ್ಕೆ ಪ್ರಯೋಜನವಿರಬಹುದು; ಶತ್ರುಗಳೇ ಇಲ್ಲದ ಟ್ಯಾಂಕಿನಲ್ಲಿ ಅಷ್ಟು ದೊಡ್ಡ ಕಿಣ್ವಗಳ ಪಂಕ್ತಿಯನ್ನು ಸಾಕುವುದು ಬರಿಯ ಭಾರ. ಆ ಭಾರವನ್ನು ಇಳಿಸಿಬಿಟ್ಟ ಸೋಮಾರಿ ಜೀವಿಗಳು, ಕೊನೆಯ ಸಂಸ್ಕಾರವನ್ನು ಬಿಟ್ಟವು, ಅರ್ಧಕ್ಕೇ ಕೈತೊಳೆದವು, ಇವೇ ಬೇಗ ಬೆಳೆಯುತ್ತವೆ. ತೆಗೆದಿಟ್ಟ ಬುರುಡೆಯಲ್ಲಿ ಪ್ರತಿ ಸಲವೂ ಅವುಗಳ ಪಾಲು ಹೆಚ್ಚುತ್ತದೆ. ಭುಜಂಗನ ಕೈಗುಣವೆಂದರೆ ಇದೇ: ಸೋಮಾರಿಗಳ ಸಮೃದ್ಧಿ.

ಅವರು ಬುರುಡೆಯ ದ್ರವವನ್ನು ತೆಳುವಾಗಿಸಿ ಗಾಜಿನ ತಟ್ಟೆಗಳಲ್ಲಿ ಹರಡಿ ಬೆಳೆಯಲಿಟ್ಟರು. ಮಗ್ಗುಲಿಗೆ ಮೂಲದ ನಳಿಗೆಯೊಂದನ್ನೂ ಹಾಗೆಯೇ ಬೆಳೆಸಿದರು. ಕಾದು ನೋಡಿದಾಗ, ಮೂಲದ ತಟ್ಟೆಯಲ್ಲಿ ಹಿಟ್ಟು ಉದುರಿಸಿದಂತಹ, ಬುಡದಲ್ಲಿ ಕೆಂಪು ಛಾಯೆಯ ಚುಕ್ಕಿಗಳಿದ್ದವು. ಮುಚ್ಚಳ ತೆರೆದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಭುಜಂಗನ ತಟ್ಟೆಯಲ್ಲಿ ಬಹುಪಾಲು ಬೋಳು ಚುಕ್ಕಿಗಳು, ನುಣುಪಾಗಿ, ಬಣ್ಣಗೆಟ್ಟು, ವಾಸನೆಯಿಲ್ಲದೆ ಕುಳಿತಿದ್ದವು. ಭುಜಂಗನು ಎರಡೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಅವನ ಮುಖ ನೋಡಿದ ಉಪಾಧ್ಯರು, ಅವನು ಏನಾದರೂ ಹೇಳುವ ಮೊದಲೇ ಬೂಬ ಸಾಹೇಬರ ಕೋಣೆಗೆ ನಡೆದರು.

ಬೂಬ ಸಾಹೇಬರಿಗೆ ಕಾರಣ ಬೇಕಿತ್ತು. ಕಾರಣವೆಂದರೆ ಅವರ ನಿಘಂಟಿನಲ್ಲಿ ಒಬ್ಬ ಮನುಷ್ಯನ ಹೆಸರು. ತಪ್ಪು ಮಾಡಿದವನನ್ನು ಕೆಲಸದಿಂದ ತೆಗೆದರೆ ಮುಖ್ಯ ಕಚೇರಿಗೆ ಹೇಳಲು ಒಂದು ಮಾತಾಗುತ್ತದೆ, ಆಗ ಇನ್ನೊಂದು ಸಲ ಟ್ಯಾಂಕು ಹೂಡಲು ಒಪ್ಪಿಗೆ ಸಿಗುತ್ತದೆ ಎಂದರು. ತಪ್ಪು ತಮ್ಮದು, ತಾವು ಕಲಿಸಿದ ಒಂದು ಶಬ್ದ ಸರಿಯಿರಲಿಲ್ಲ ಎಂದರು ಉಪಾಧ್ಯರು.

"ಉಪಾಧ್ಯಜೀ," ಎಂದರು ಬೂಬ ಸಾಹೇಬರು, "ಶಬ್ದ್ ಸೇ ಭೀ ಟ್ಯಾಂಕ್ ಖರಾಬ್ ಹೋತಾ ಹೈ ಕ್ಯಾ?"

ಶಬ್ದದಿಂದ ಟ್ಯಾಂಕು ಕೆಡುವುದು ಹೇಗೆಂದು ಉಪಾಧ್ಯರು ಆರಂಭದಿಂದ ಹೇಳಿದರು. ಹೆಪ್ಪು ಎಂದರೆ ನಿಮ್ಮಲ್ಲಿ ಜಾಮನ್ ಎನ್ನುತ್ತೀರಲ್ಲ, ಅದು. ಬೀಜದ ಕೋಣೆಯಲ್ಲಿ ಹಿಂದಿನದನ್ನೇ ಜಾಮನ್‌ನಂತೆ ತೆಗೆದಿಟ್ಟು ಬಳಸಿದ್ದರಿಂದ ಹೀಗಾಯಿತು ಎಂದರು. ಬೂಬ ಸಾಹೇಬರು ಹುಬ್ಬು ಗಂಟಿಕ್ಕಿ ಕೇಳಿ, "ತೋ ಉಸ್ ನೇ ಗಲತ್ ಕ್ಯಾ ಕಿಯಾ? ಹಮಾರೇ ಘರ್ ಮೇಂ ಭೀ ಐಸೇ ಹೀ ಹೋತಾ ಹೈ" ಎಂದುಬಿಟ್ಟರು. ತಮ್ಮ ಮನೆಯಲ್ಲಿಯೂ ಹಾಗೆಯೇ ನಡೆಯುವಾಗ ಅವನ ತಪ್ಪೇನು ಎಂಬುದು ಅವರ ಪ್ರಶ್ನೆ.

ಉಪಾಧ್ಯರು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಬ್ಬ ಭುಜಂಗನಲ್ಲ, ಈ ದೇಶದಲ್ಲಿ ಮೊಸರು ತಿಂದವರೆಲ್ಲ ಇದೇ ತಪ್ಪನ್ನು ಮಾಡಲು ಸಿದ್ಧರಾಗಿ ಕುಳಿತಿದ್ದಾರೆಂದು ಅವರಿಗೆ ಮನವರಿಕೆಯಾಯಿತು. ಅವರು ಎರಡು ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟು, ಮುಚ್ಚಳಗಳನ್ನು ಸ್ವಲ್ಪವೇ ಸರಿಸಿ, ಮೂಸಿ ನೋಡಬೇಕೆಂದು ವಿನಂತಿಸಿದರು. ಬೂಬ ಸಾಹೇಬರು ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು, ಮೊದಲನೆಯದನ್ನು ಮತ್ತೊಮ್ಮೆ ಮೂಸಿದರು. ಅವರು ಮಣ್ಣಿನ ವಾಸನೆ ಹಿಡಿದು ಎಷ್ಟು ಕಾಲವಾಗಿತ್ತೋ ತಿಳಿಯದು. ಭುಜಂಗನ ಹೆಸರನ್ನು ಮುಂದೆ ಕೇಳಲಿಲ್ಲ. ದೀಪಾವಳಿಗೆ ಮೊದಲು ಒಂದೇ ಒಂದು ಸಲ, ಇದು ಕಡೆಯದು ಎಂದು ಒಪ್ಪಿದರು. ಮುಖ್ಯ ಕಚೇರಿಗೆ ತಾವೇ ಏನಾದರೂ ಹೇಳಿಕೊಳ್ಳುತ್ತೇವೆ ಎಂದರು.

ಮೂಲದ ನಳಿಗೆಯನ್ನು ಎಬ್ಬಿಸುವ ದಿನ ಭುಜಂಗನು ಉಪವಾಸವಿದ್ದನು. ಹಾಗೆಂದು ಅವನು ಹೇಳಲಿಲ್ಲ, ಕ್ಯಾಂಟೀನಿನವರು ಹೇಳಿದರು. ಬುರುಡೆ, ಸಣ್ಣ ಟ್ಯಾಂಕು, ದೊಡ್ಡ ಟ್ಯಾಂಕು, ಎಲ್ಲ ಹಂತಗಳಲ್ಲಿಯೂ ಅವನ ಕೈ ಎಂದಿನಂತೆಯೇ ಶುದ್ಧವಾಗಿತ್ತು. ಆದರೆ ಈ ಬಾರಿ ಬೆಳವಣಿಗೆ ನಿಧಾನವಾಗಿತ್ತು. ಟ್ಯಾಂಕಿನವರು, ಹೆಪ್ಪು ಸತ್ತಿದೆ, ಹಳೆಯದನ್ನೇ ಹಾಕಬಹುದಿತ್ತು ಎಂದು ಗೊಣಗಿದರು. ನಿಧಾನವೇ ಶುಭಲಕ್ಷಣ, ಕೆಲಸ ಮಾಡುವವರು ಬೇಗ ದಪ್ಪಗಾಗುವುದಿಲ್ಲ ಎಂದು ಉಪಾಧ್ಯರು ಅವರ ಮೇಲೆ ರೇಗಿದರು. ರೇಗಿದರೂ ತಮ್ಮ ಮಾತಿನಲ್ಲಿ ತಮಗೇ ಪೂರ್ಣ ವಿಶ್ವಾಸವಿರಲಿಲ್ಲ. ಸಂಧ್ಯಾವಂದನೆಯ ಕಡೆಯಲ್ಲಿ ಅವರು ಯಾವುದನ್ನೂ ಬೇಡುತ್ತಿರಲಿಲ್ಲ. ಆ ದಿನಗಳಲ್ಲಿ ಟ್ಯಾಂಕಿನ ಹೆಸರನ್ನು ಸೇರಿಸಬೇಕೆಂದು ನಾಲಗೆಯ ತುದಿಗೆ ಬಂದು, ಭಗವಂತನಿಗೂ ಎಲ್ಲವನ್ನೂ ಆರಂಭದಿಂದ ವಿವರಿಸಬೇಕಾದೀತೆಂದು ಬಿಟ್ಟುಕೊಟ್ಟರು.

ಟ್ಯಾಂಕಿನ ಸರಕು ಇಳಿಸಿದ ದಿನ ಗೆರೆಚಿತ್ರ ಬಂತು. ಒಂದೇ ಗೋಪುರ, ನೆಟ್ಟಗೆ, ಎತ್ತರವಾಗಿ. ಮಗ್ಗುಲಲ್ಲಿ ಎರಡು ಇರುವೆಗೂಡುಗಳಷ್ಟು ಉಬ್ಬು. ಉಂಗುರವಾಗಿ, ಸಕ್ಕರೆ ತೊಟ್ಟು, ಕೊನೆಯ ಎರಡು ಸಂಸ್ಕಾರಗಳನ್ನೂ ಪಡೆದು, ಎ ತನ್ನ ಪೂರ್ಣತೆಯಲ್ಲಿ ಹೊರಬಂದಿತ್ತು. ಹುದುಗು ವಿಭಾಗವನ್ನು ಮುಚ್ಚುವ ಮಾತನ್ನು ಬೂಬ ಸಾಹೇಬರು ಮತ್ತೆ ಎತ್ತಲಿಲ್ಲ.

ದೀಪಾವಳಿಯ ಬಳಿಕ ಉಪಾಧ್ಯರು ಎಲ್ಲರನ್ನೂ ಕ್ಯಾಂಟೀನಿಗೆ ಕರೆದು, ಹೆಪ್ಪು ಎಂಬ ಶಬ್ದವನ್ನು ತಾವು ಹಿಂದಕ್ಕೆ ಪಡೆದಿರುವುದಾಗಿ ಸಾರಿದರು. ಇನ್ನು ಮುಂದೆ ಬೀಜವೆನ್ನಬೇಕು. ಎಲ್ಲರೂ ತಲೆಯಾಡಿಸಿದರು. ಹೊರಗೆ ಹೋಗುವಾಗಲೇ ಒಬ್ಬನು ಇನ್ನೊಬ್ಬನನ್ನು, ಇವತ್ತಿನ ಹೆಪ್ಪು ಎಷ್ಟು ಹೊತ್ತಿಗೆ ಎಂದು ವಿಚಾರಿಸುವುದು ಕೇಳಿಸಿತು. ಒಂದು ವಾರ ತಿದ್ದಿ ತಿದ್ದಿ ಉಪಾಧ್ಯರ ಗಂಟಲು ಒಣಗಿತು. ಊರಿದ ಶಬ್ದವನ್ನು ಕೀಳುವುದು ಸುಲಭವಲ್ಲವೆಂದು ಅವರು ಕಡೆಗೆ ಭುಜಂಗನ ಮುಂದೆಯೇ ಹತಾಶರಾಗಿ ಕುಳಿತು, ಈ ತಪ್ಪು ತಮಗೆ ಹೊಳೆದದ್ದು ಹೇಗೆಂಬುದನ್ನು ಮೊದಲ ಬಾರಿಗೆ ಹೇಳಿದರು. ಹೆಂಡತಿ ತನ್ನ ತಾಯಿಯ ಮನೆಯಿಂದ ತಂದ ಹೆಪ್ಪಿನ ಬಗ್ಗೆ ಪಾರವ್ವನೆದುರು ಆಡಿದ ಮಾತು, ತಮ್ಮ ಕೈಯಲ್ಲಿ ನಿಂತುಹೋದ ತುತ್ತು, ಎಲ್ಲವನ್ನೂ.

ಭುಜಂಗನು ಕೇಳಿ, "ಅಷ್ಟ ಐತೇನ್ರೀ ಹಂಗಾರ? ಅಕ್ಕಾರು ತವರಿಂದ ಒಂದ ಸಲ ತಂದ್ರು. ನಾವು ಸಲಾ ಸಲಾ ತವರಿಂದನ ತರಬೇಕು. ಹೆಪ್ಪ ಅನ್ನಲಿ ಬಿಡ್ರಿ ಸಾಹೇಬ್ರ. ತವರಿಂದ ಬಂದೈತೇನು ಅಂತ ಕೇಳಿದ್ರಾತು" ಎಂದನು.

ಅಂದಿನಿಂದ ಶೈತ್ಯಪೆಟ್ಟಿಗೆಯ ನಳಿಗೆಗಳು ತವರಾದವು. ಬೀಜದ ಕೋಣೆಯಿಂದ ಹೊರಡುವ ಪ್ರತಿಯೊಂದಕ್ಕೂ ಬಾಗಿಲಲ್ಲಿಯೇ, ತವರಿನದೋ, ಎಂಬ ಪ್ರಶ್ನೆ ಕಾದಿರುತ್ತಿತ್ತು. ಉಪಾಧ್ಯರು ಬೆಪ್ಪಾಗಿ, ಬಳಿಕ ಒಪ್ಪಿ, ಬಳಿಕ ತಾವೂ ಹಾಗೆಯೇ ಕೇಳಲಾರಂಭಿಸಿದರು. ಜಯಲತಾರಿಗೆ ಈ ಸುದ್ದಿಯನ್ನು ಹೇಳಿದಾಗ, ಹುಳಗಳಿಗಾದರೂ ಆಗಾಗ ತವರು ಕಾಣುವ ಯೋಗವಿದೆಯಲ್ಲ ಎಂದಷ್ಟೇ ಹೇಳಿ ಬಚ್ಚಲಿನ ಕಡೆಗೆ ಬೊಟ್ಟು ಮಾಡಿದರು. ಉಪಾಧ್ಯರು, ಹುಳವಲ್ಲ ಎಂದು ತಿದ್ದುತ್ತ ಸ್ನಾನಕ್ಕೆ ಹೋದರು.

ತವರೂ ನಿರ್ವಿಘ್ನವಾಗಿ ಊರಲಿಲ್ಲ. ಹೊಸ ವರ್ಷದ ಆರಂಭದಲ್ಲಿ ಬೂಬ ಸಾಹೇಬರು ಉಪಾಧ್ಯರನ್ನು ಅವಸರವಾಗಿ ಕರೆಸಿದರು. ಮುಖ್ಯ ಕಚೇರಿಯವರು ಫೋನು ಮಾಡಿದ್ದರಂತೆ. ರಬಾಳೆಯ ಸರಕು ಇಷ್ಟು ಶುದ್ಧವಾದದ್ದು ಹೇಗೆಂದು ಅವರು ವಿಚಾರಿಸಿದಾಗ, ಈಗ ಪ್ರತಿಯೊಂದು ಸಲವೂ ಎಲ್ಲವನ್ನೂ ಟವರ್‌ನಿಂದಲೇ ತರುತ್ತೇವೆಂದು ಬೂಬ ಸಾಹೇಬರು ತಿಳಿಸಿದ್ದರು. ಕೆಲಸದವರ ಬಾಯಲ್ಲಿ ಅವರು ಕೇಳಿಸಿಕೊಂಡದ್ದು ಹಾಗೆ. ಮುಖ್ಯ ಕಚೇರಿಗೆ ಈಗ ಆ ಟವರ್ ನೋಡಬೇಕಿತ್ತು. ಅದನ್ನು ಯಾರ ಅಪ್ಪಣೆಯಿಂದ ಕಟ್ಟಿಸಿದಿರಿ ಎಂದೂ ಕೇಳಿದ್ದರು.

ಉಪಾಧ್ಯರು ಕುರ್ಚಿ ಎಳೆದುಕೊಂಡು ಕುಳಿತು, ಮೂಗನ್ನೊಮ್ಮೆ ಒತ್ತಿ ಹಿಡಿದು ಉಸಿರು ಬಿಟ್ಟು, ಮದುವೆಯಾದ ಹೆಣ್ಣಿಗೆ ತಾಯಿಯ ಮನೆಯೊಂದು ಇರುತ್ತದೆ ಎಂಬಲ್ಲಿಂದ ಆರಂಭಿಸಿದರು.